ನಾಯಿಗೆ ಅನ್ನವಿಡುವ ಮಗು ಕಲಿಯುವ ಪಾಠ

ಹಳ್ಳಿಯಾಗಲಿ, ಪಟ್ಟಣವಾಗಲಿ, ಮನೆಯಲ್ಲಿ ಸಾಕಿದ ನಾಯಿಗೆ ಊಟವಿಡುವ ಕೆಲಸವು ಬಹುಮಟ್ಟಿಗೆ ಮಕ್ಕಳ ಪಾಲಿಗೆ ಬರುತ್ತದೆ. ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸಿ ತಾಯಿ ಕೊಡುತ್ತಾಳೆ. ಮಗು ಓಡಿ ಹೋಗಿ ಅಂಗಳದಲ್ಲಿಟ್ಟು ಬರುತ್ತದೆ. ಹಿರಿಯರಾದ ನಾವು ಇದನ್ನು ಆಟವೆಂದೆಣಿಸಿ ಸುಮ್ಮನಾಗುತ್ತೇವೆ. ಆದರೆ ಈ ಸಣ್ಣ ಕೆಲಸದಲ್ಲಿ ಮಗುವಿನ ಆರೋಗ್ಯಕ್ಕೂ ಸ್ವಭಾವಕ್ಕೂ ಬೇಕಾದ ಪಾಠಗಳು ಅಡಗಿವೆ. ಸರಿಯಾಗಿ ಕಲಿಸಿದರೆ ಅವು ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತವೆ. ಕಲಿಸದೆ ಬಿಟ್ಟರೆ ಒಮ್ಮೊಮ್ಮೆ ಮಗುವಿನ ಜೀವಕ್ಕೇ ಅಪಾಯ ಬರಬಹುದು.

ಹೊತ್ತು ಮತ್ತು ಅಳತೆ

ನಾಯಿಗೆ ಮಾತು ಬಾರದು. ಹಸಿವಾಯಿತೆಂದು ಅದು ಹೇಳಲಾರದು, ಸಾಕೆಂದೂ ಹೇಳಲಾರದು. ಆದುದರಿಂದ ಹೊತ್ತನ್ನು ನೆನಪಿಡುವ ಹೊಣೆ ಊಟವಿಡುವವರದು. ಬೆಳೆದ ನಾಯಿಗೆ ದಿನಕ್ಕೆ 2 ಬಾರಿ ಊಟ ಸಾಕು. ಎಳೆಯ ಮರಿಗೆ 3 ಅಥವಾ 4 ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಕುಡಿಯುವ ನೀರು ಸದಾ ಇರಬೇಕು. ತಾನು ಮರೆತರೆ ಇನ್ನೊಂದು ಜೀವ ಹಸಿದಿರುತ್ತದೆ ಎಂಬ ಅರಿವು ಮಗುವಿಗೆ ಕಾಲಪಾಲನೆಯನ್ನು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಕಲಿಸುತ್ತದೆ.

ಅಳತೆಗೆ ಒಂದೇ ಬಟ್ಟಲನ್ನು ಗೊತ್ತು ಮಾಡಿಕೊಡಬೇಕು. ಪ್ರೀತಿಯಿಂದ ಹೆಚ್ಚು ಹೆಚ್ಚು ಹಾಕಿದರೆ ನಾಯಿಗೆ ಬೊಜ್ಜು ಬಂದು ಕೀಲುಗಳು ನೋಯುತ್ತವೆ. ಅದರ ಪಕ್ಕೆಯ ಮೇಲೆ ಮೆಲ್ಲನೆ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ತಿಳಿಯಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಸಾಮಾನ್ಯ ನಾಯಿಗಳಿಗೆ ಇದು ಸುಲಭವಾದ ಪರೀಕ್ಷೆ. ಮುಧೋಳ ನಾಯಿಯಂತಹ ಬೇಟೆಯ ತಳಿಗಳು ಹುಟ್ಟಿನಿಂದಲೇ ತೆಳ್ಳಗಿರುವುದರಿಂದ ಅವುಗಳ ಎಲುಬು ಸ್ವಲ್ಪ ಕಂಡರೆ ಗಾಬರಿಯಾಗಬೇಕಿಲ್ಲ.

ನಮಗೆ ರುಚಿಯಾದುದು ಅದಕ್ಕೆ ಹಿತವಲ್ಲ

ತನಗೆ ಇಷ್ಟವಾದುದನ್ನು ಕೊಡುವುದೇ ಪ್ರೀತಿ ಎಂದು ಮಕ್ಕಳು ತಿಳಿಯುತ್ತಾರೆ. ಆದರೆ ಚಾಕೊಲೇಟ್ ನಾಯಿಯ ಹೃದಯಕ್ಕೂ ನರಗಳಿಗೂ ವಿಷ. ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗಳಿಂದ ಮೂತ್ರಪಿಂಡ ಕೆಡಬಹುದು. ಹಬ್ಬದ ದಿನ ಉಳಿದ ಪಾಯಸವನ್ನು ನಾಯಿಯ ಮುಂದೆ ಸುರಿಯುವ ಮೊದಲು ಇದನ್ನು ನೆನೆಯಬೇಕು. ಖಾರ, ಉಪ್ಪು, ಒಗ್ಗರಣೆಗಳೂ ಬೇಡ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಅಂತಹವಕ್ಕೆ ಹಾಲಿಗಿಂತ ಮೊಸರನ್ನ ಒಗ್ಗುತ್ತದೆ.

ಮನುಷ್ಯನೊಡನೆ ಬಾಳಿದ ನಾಯಿಗೆ, ತೋಳಕ್ಕಿಂತ ಚೆನ್ನಾಗಿ, ಬೇಯಿಸಿದ ಧಾನ್ಯವನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬಂದಿದೆ. ಆದರೂ ಅನ್ನ, ರೊಟ್ಟಿಗಳಷ್ಟರಿಂದಲೇ ಅದರ ದೇಹಕ್ಕೆ ಬೇಕಾದ ಸಾರವೆಲ್ಲ ದೊರೆಯದು. ಸಸ್ಯಾಹಾರಿ ಮನೆಗಳವರು ಪಶುವೈದ್ಯರನ್ನು ಕೇಳಿ ಆಹಾರವನ್ನು ಗೊತ್ತುಪಡಿಸಿಕೊಳ್ಳುವುದು ಲೇಸು.

ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಉಣ್ಣುವವರ ಎಲೆಯನ್ನು ನೋಡಿ ಬಡಿಸುತ್ತಾರೆಯೇ ಹೊರತು ತಮ್ಮ ನಾಲಗೆಯ ರುಚಿಯನ್ನಲ್ಲ. ಮಗು ಕಲಿಯಬೇಕಾದುದೂ ಇದನ್ನೇ.

ಶುಚಿ ಮತ್ತು ಅಂತರ

ನಾಯಿಯ ಬಟ್ಟಲು ಬೇರೆಯಿರಬೇಕು, ಪ್ರತಿದಿನ ತೊಳೆಯಬೇಕು. ಊಟವಿಟ್ಟ ಮೇಲೆ ಮತ್ತು ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಮಗು ತಿಂಡಿಯನ್ನು ಮುಟ್ಟಬಾರದು. ನಾಯಿಯ ಮಲದ ಮೂಲಕ ಮಣ್ಣಿಗೆ ಸೇರುವ ಜಂತುಹುಳುವಿನ ತತ್ತಿಗಳು ಕೊಳೆಯಾದ ಕೈಯಿಂದ ಮಗುವಿನ ಹೊಟ್ಟೆಯನ್ನು ಸೇರಬಲ್ಲವು. ವೈದ್ಯರು ಹೇಳಿದ ಕಾಲಕ್ಕೆ ನಾಯಿಗೆ ಜಂತುಹುಳುವಿನ ಔಷಧ ಕೊಡಿಸಬೇಕು.

ಬಟ್ಟಲನ್ನಿಟ್ಟ ಮೇಲೆ ಮಗು ಹಿಂದೆ ಸರಿದು ನಿಲ್ಲಬೇಕು. ಉಣ್ಣುವ ನಾಯಿಯನ್ನು ಮುಟ್ಟುವುದು, ಬಟ್ಟಲನ್ನು ಎಳೆಯುವುದು, ಮಲಗಿದ ನಾಯಿಯನ್ನು ಎಬ್ಬಿಸುವುದು, ಮರಿಯಿಟ್ಟ ನಾಯಿಯ ಬಳಿ ಹೋಗುವುದು ಸಲ್ಲದು. ಎಷ್ಟು ಸಾಧುವಾದ ನಾಯಿಯಾದರೂ ಆಗ ಕಚ್ಚಬಹುದು. ನಾವು ಉಣ್ಣುವಾಗ ಯಾರಾದರೂ ತಟ್ಟೆಗೆ ಕೈಹಾಕಿದರೆ ನಮಗೆ ಹೇಗಾಗುತ್ತದೆ ಎಂದು ಕೇಳಿದರೆ ಮಗುವಿಗೆ ಬೇಗ ಅರ್ಥವಾಗುತ್ತದೆ.

ಗಾಯವನ್ನು ಮುಚ್ಚಿಡಬಾರದು

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ನಾಯಿಗೆ ರೊಟ್ಟಿ ಹಾಕುತ್ತಿದ್ದ ಬಾಲಕನ ಬೆರಳಿಗೆ ಹಲ್ಲು ತಗಲಿತು. ಬೈದಾರೆಂದು, ನಾಯಿಯನ್ನು ಹೊರಗೆ ಅಟ್ಟಿಬಿಟ್ಟಾರೆಂದು ಅವನು 2 ದಿನ ಹೇಳಲಿಲ್ಲ. ಸ್ನಾನ ಮಾಡಿಸುವಾಗ ಅಜ್ಜಿ ಗಾಯವನ್ನು ಕಂಡಳು. ಅವಳು ಬೈಯಲಿಲ್ಲ, "ಹೇಳಿದ್ದು ಒಳ್ಳೇದಾತು, ನಡಿ ಮಗಾ" ಎಂದು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಲಸಿಕೆಯೆಲ್ಲ ಪೂರ್ತಿಯಾಯಿತು, ಬಾಲಕ ಕ್ಷೇಮವಾಗಿದ್ದಾನೆ. ಆ ಅಜ್ಜಿ ಬೈದಿದ್ದರೆ ಮುಂದಿನ ಗಾಯವನ್ನು ಅವನು ಇನ್ನೂ ಚೆನ್ನಾಗಿ ಮುಚ್ಚಿಡುತ್ತಿದ್ದನು.

ರೇಬಿಸ್ ಎಂಬ ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಬಹುತೇಕ ಅಸಾಧ್ಯ. ಆದರೆ ಅದಕ್ಕೆ ಮೊದಲೇ ಸರಿಯಾಗಿ ಚಿಕಿತ್ಸೆ ಪಡೆದರೆ ರೋಗವನ್ನು ತಡೆಯಬಹುದು. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರರು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ಲಸಿಕೆಯನ್ನು ಆರಂಭಿಸಿದರು. ನಾಯಿ ಕಚ್ಚಿ ಆಗ 2 ದಿನಗಳಾಗಿದ್ದವು. ತಾಯಿ ದೂರದ ಊರಿನಿಂದ ಕರೆತಂದುದರಿಂದ ಅವನು ಉಳಿದನು.

ಕಚ್ಚಿದ ಅಥವಾ ಪರಚಿದ ಜಾಗವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದ ಲಸಿಕೆಗಳಲ್ಲಿ ಒಂದನ್ನೂ ಬಿಡಬಾರದು. ಮನೆಯ ನಾಯಿಯ ಮರಿಗೆ 3 ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ಮುಂದುವರಿಸಬೇಕು.

ಹಿರಿಯರ ಹೊಣೆ

ಊಟವಿಡುವ ಕೆಲಸ ಮಗುವಿನದಾದರೂ ನಾಯಿಯ ಹೊಣೆ ಹಿರಿಯರದೇ. ಚಿಕ್ಕ ಮಕ್ಕಳನ್ನು ನಾಯಿಯ ಬಳಿ ಒಂಟಿಯಾಗಿ ಬಿಡಬಾರದು. ಹಿರಿಯರೊಬ್ಬರು ಜೊತೆಗಿದ್ದೇ ಊಟವಿಡಿಸಬೇಕು. ಮಗು ಒಂದು ದಿನ ಮರೆತರೆ ನಾಯಿಯನ್ನು ಉಪವಾಸ ಕೆಡವಿ ಪಾಠ ಕಲಿಸುವುದು ತರವಲ್ಲ. ನಾವೇ ಊಟವಿಟ್ಟು, ಆಮೇಲೆ ಮಗುವಿಗೆ ಮೆಲ್ಲನೆ ನೆನಪಿಸೋಣ.

ಇಂದು ಸಂಜೆ ಮಗು ಬಟ್ಟಲನ್ನು ಹಿಡಿದು ಹೊರಟಾಗ ನಾವೂ ಅದರ ಜೊತೆಗೆ ಅಂಗಳಕ್ಕೆ ಹೋಗೋಣ. ಬಟ್ಟಲನ್ನಿಟ್ಟು ಹಿಂದೆ ಸರಿದು ನಿಲ್ಲುವುದನ್ನು ಮಾಡಿ ತೋರಿಸೋಣ. ಏನಾದರೂ ತಗಲಿದರೆ ಮೊದಲು ನಮಗೆ ಹೇಳು, ನಾವು ಬೈಯುವುದಿಲ್ಲ ಎಂಬ ಮಾತನ್ನು ಅಂದೇ ಕೊಟ್ಟುಬಿಡೋಣ. ಕೊಟ್ಟ ಮಾತನ್ನು ನಡೆಸೋಣ.