ಬೆಳ್ಳಿ ತಂತಿಗೆ ಬಣ್ಣ ತುಂಬುವ ಮುನ್ನ

ಟಿಬಿಲಿಸಿಗೆ ಡಾಕ್ಟರಿಕೆ ಓದಲು ಬಂದ ನಮ್ಮ ಕಡೆಯ ಹುಡುಗಿಯರು ರಜೆ ಸಿಕ್ಕಿದರೆ ಸಾಕು, ‘ಆಂಟಿ, ನಮಗೂ ಮಿನಾಂಕಾರಿ ಹೇಳಿಕೊಡಿ’ ಅಂತ ಬಂದು ಕೂರುತ್ತಾರೆ. ಮಿನಾಂಕಾರಿ ಅಂದರೆ ಜಾರ್ಜಿಯಾದವರ ಎನಾಮಲ್ ಕೆಲಸ. ತಗಡಿನ ಮೇಲೆ ಚಪ್ಪಟೆ ಬೆಳ್ಳಿ ತಂತಿಯಿಂದ ಮನೆ ಮನೆಯಾಗಿ ಕಟ್ಟಿ, ಆ ಮನೆಗಳಿಗೆ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸುವುದು. ಜೈಪುರದ ಮೀನಾಕಾರಿ ನೋಡಿದವರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ಲೋಹವನ್ನು ಕೊರೆದು ಗುಳಿ ಮಾಡಿ ಬಣ್ಣ ತುಂಬುತ್ತಾರೆ, ಇಲ್ಲಿ ತಂತಿಯ ಗೋಡೆ ಎಬ್ಬಿಸುತ್ತಾರೆ. ಹುಡುಗಿಯರಿಗೆ ಆಸೆಯಿದೆ, ಕೈಚಳಕವೂ ಇದೆ. ಮರೆವು ಮಾತ್ರ ಜಾಸ್ತಿ. ಅದಕ್ಕೇ ಬರೆದುಕೊಡುತ್ತಿದ್ದೇನೆ. ಕೆಲಸದ ಮೇಜಿನ ಎದುರಿಗೆ ಅಂಟಿಸಿಕೊಳ್ಳಿ.

• ಮಾದರಿ ಪುಸ್ತಕಕ್ಕೆ ದುಡ್ಡು ಸುರಿಯುವ ಮೊದಲು ನಿಮ್ಮ ಪರ್ಸ್ ತೆಗೆದು ನೋಡಿ. 20 ತೇತ್ರಿ ನಾಣ್ಯದಲ್ಲಿ ನಿಕೊ ಪಿರೊಸ್ಮಾನಿ ಬರೆದ ಜಿಂಕೆ ಇದೆ. 10 ತೇತ್ರಿಯಲ್ಲಿ ಸಿಂಹವೇರಿದ ಸಂತ ಮಾಮೈ, 5 ತೇತ್ರಿಯಲ್ಲಿ ಪುಟ್ಟ ಚಿನ್ನದ ಸಿಂಹ. ಮಗುಚಿದರೆ ಬೊರ್ಜ್‌ಗಲಿ, ಅಂದರೆ ತಿರುಗುವ ಸೂರ್ಯನ ಗುರುತು. ನಾಣ್ಯಕ್ಕೆ ಇಳಿಸುವಾಗಲೇ ಯಾರೋ ಬಲ್ಲವರು ಚಿತ್ರವನ್ನು ಚಿಕ್ಕದು ಮಾಡಿರುತ್ತಾರೆ. ಯಾವ ಗೆರೆ ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪಾಠ ಅಲ್ಲಿ ಪುಕ್ಕಟೆಯಾಗಿ ಸಿಗುತ್ತದೆ.

• ಬೊರ್ಜ್‌ಗಲಿ ಬರೆಯುವಾಗ ರೆಕ್ಕೆ ಎಣಿಸಿ. ಏಳು ಇರಬೇಕು. ದುಂಡನ್ನು ಆರು ಪಾಲೋ ಎಂಟು ಪಾಲೋ ಮಾಡುವುದು ಸುಲಭ ಅಂತ ಎಷ್ಟೋ ಜನ ಹಾಗೇ ಮಾಡಿಬಿಡುತ್ತಾರೆ. ಇಲ್ಲಿಯವರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

• ದ್ರಾಕ್ಷಿ ಬಳ್ಳಿಯ ಶಿಲುಬೆ ಮಾಡುವುದಾದರೆ ಅದರ ಎರಡು ತೋಳುಗಳನ್ನು ನೆಟ್ಟಗೆ ಮಾಡಬೇಡಿ. ಸಂತ ನಿನೊ ದ್ರಾಕ್ಷಿ ಕಡ್ಡಿಗಳನ್ನು ತನ್ನ ಕೂದಲಿನಿಂದಲೇ ಕಟ್ಟಿ ಶಿಲುಬೆ ಮಾಡಿದಳು ಎಂದು ಇಲ್ಲಿಯವರ ನಂಬಿಕೆ. ಆ ತೋಳುಗಳು ಸ್ವಲ್ಪ ಕೆಳಗೆ ಬಾಗಿರುವುದೇ ಅದರ ಗುರುತು. ಇನ್ನೊಂದು ಮಾತು, ಅದನ್ನು ಕಾಲ್ಗೆಜ್ಜೆಗೋ ಕಾಲುಂಗುರಕ್ಕೋ ಹಾಕಬೇಡಿ. ನಮ್ಮಲ್ಲಿ ಲಕ್ಷ್ಮಿಯೆಂದು ಚಿನ್ನವನ್ನೇ ಕಾಲಿಗೆ ಹಾಕುವುದಿಲ್ಲ, ಇನ್ನೊಬ್ಬರು ಪೂಜಿಸುವ ವಸ್ತುವನ್ನು ಹಾಕುವುದುಂಟೇ?

• ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ರುಸ್ತವೇಲಿ ರಸ್ತೆಯ ಸಿಮೋನ್ ಜನಾಶಿಯಾ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ. ಫೋನು ಚೀಲದಲ್ಲಿರಲಿ, ಪೆನ್ಸಿಲ್ಲು ಕೈಯಲ್ಲಿರಲಿ. ಫೋಟೊ ತೆಗೆದವರು ಮನೆಗೆ ಬಂದು ನೋಡುವುದೇ ಇಲ್ಲ, ಬರೆದುಕೊಂಡವರಿಗೆ ಗೆರೆ ಕೈಯಲ್ಲೇ ಉಳಿಯುತ್ತದೆ. ವಾನಿ ಎಂಬಲ್ಲಿ ಸಿಕ್ಕ ಕ್ರಿಸ್ತಪೂರ್ವ 5ನೇ ಶತಮಾನದ ಚಿನ್ನದ ಹಾರವೊಂದಿದೆ, ಅದಕ್ಕೆ 31 ಪುಟ್ಟ ಆಮೆಗಳು ತೂಗುತ್ತವೆ. ಆಮೆಯ ಬೆನ್ನಿಗೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚಿನ್ನದ ಗುಂಡುಗಳನ್ನು ಕೂರಿಸಿದ್ದಾರೆ. ಅದರ ಎದುರು ಸ್ವಲ್ಪ ಹೊತ್ತು ನಿಂತುಕೊಳ್ಳಿ. ಅಷ್ಟು ಸಣ್ಣ ಪ್ರಾಣಿಯಲ್ಲೂ ಕಾಲು, ತಲೆ, ಚಿಪ್ಪು ಬೇರೆ ಬೇರೆಯಾಗಿ ಕಾಣುವುದು ಹೇಗೆ ಅಂತ ನೀವೇ ಕಂಡುಕೊಳ್ಳಬೇಕು, ಅದನ್ನು ನಾನು ಬಾಯಲ್ಲಿ ಹೇಳಲಾರೆ.

• ಬಣ್ಣ ಆರಿಸುವ ಮೊದಲು ಖಾಖುಲಿಯ ಮೂರು ಬಾಗಿಲ ಪಟದ ಚಿತ್ರಗಳನ್ನು ಒಳ್ಳೆ ಅಚ್ಚಿನಲ್ಲಿ ನೋಡಿ. 12ನೇ ಶತಮಾನದಲ್ಲಿ ಗೆಲಾತಿ ಮಠಕ್ಕಾಗಿ ಕೂಡಿಸಿದ್ದು ಅದು. 8ರಿಂದ 12ನೇ ಶತಮಾನದವರೆಗಿನ ನೂರಕ್ಕೂ ಹೆಚ್ಚು ಎನಾಮಲ್ ತುಂಡುಗಳು ಅದರಲ್ಲಿವೆ. ಹಳೆಯ ಜಾರ್ಜಿಯಾದವರ ಆ ಬೆಳಕು ಹಾಯುವ ಹಸಿರನ್ನು ಒಮ್ಮೆ ಕಣ್ಣಲ್ಲಿ ತುಂಬಿಕೊಂಡರೆ, ಅಂಗಡಿಯಲ್ಲಿ ಇರುವ ಬಣ್ಣವನ್ನೆಲ್ಲ ಹೊತ್ತು ತರುವ ಚಪಲ ತಾನಾಗಿ ಇಳಿಯುತ್ತದೆ. ಹಸಿರು, ನೀಲಿ, ಬಿಳಿ, ದ್ರಾಕ್ಷಾರಸದ ಕೆಂಪು: ಮೊದಲ ವರ್ಷಕ್ಕೆ ಧಾರಾಳ ಸಾಕು.

• ಅಕ್ಷರದ ಪದಕ ಮಾಡುವ ಆಸೆ ಎಲ್ಲರಿಗೂ. ಜಾರ್ಜಿಯಾದ ಲಿಪಿ ನಮ್ಮದರ ಹಾಗೇ ದುಂಡಗಿದೆ, ತಂತಿಗೆ ಚೆನ್ನಾಗಿ ಬಾಗುತ್ತದೆ. ಆದರೆ ನಮ್ಮ ಕಿವಿಗೆ ‘ಕ’ ಎಂದೇ ಕೇಳುವ ಅಕ್ಷರ ಅವರಲ್ಲಿ ಒಂದಕ್ಕಿಂತ ಹೆಚ್ಚಿವೆ. ಹೆಸರನ್ನು ಇಲ್ಲಿಯವರ ಕೈಯಲ್ಲಿ ಬರೆಸಿಕೊಂಡು ಆಮೇಲೆ ತಂತಿ ಮುಟ್ಟಿ. ಕುಲುಮೆಯಿಂದ ಬಂದ ಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ.

• ಬೆಳ್ಳಿ ಕೊಳ್ಳುವಾಗ ಶುದ್ಧ ಬೆಳ್ಳಿಯೇ ಬೇಕು ಅಂತ ಕೇಳಿ. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ. ಆಭರಣದಂಗಡಿಯ 92.5 ಬೆಳ್ಳಿಯಲ್ಲಿ ತಾಮ್ರ ಬೆರೆತಿರುವುದರಿಂದ 800ರ ಆಸುಪಾಸಿಗೇ ಮೆತ್ತಗಾಗತೊಡಗುತ್ತದೆ, ಎನಾಮಲ್ ಸುಡುವುದೂ ಅದೇ ಬಿಸಿಯಲ್ಲಿ. ಅಂಗಡಿಯವರು ‘ಎಲ್ಲಾ ಒಂದೇ ಮೇಡಂ’ ಅನ್ನುತ್ತಾರೆ. ಒಂದೇ ಅಲ್ಲ.

• ಕೈ ಪಳಗುವವರೆಗೆ ತಾಮ್ರದ ತಗಡಿನ ಮೇಲೆ ಮಾಡಿ, ದುಡ್ಡು ಉಳಿಯುತ್ತದೆ. ಆದರೆ ಬೆಳ್ಳಿ ತಂತಿಯನ್ನು ಬರಿ ತಾಮ್ರದ ಮೇಲೆ ಇಟ್ಟು ಸುಡಬೇಡಿ. ಎರಡೂ ತಾಗಿದ ಕಡೆ ಬೇಗ ಕರಗುತ್ತವೆ, ತೆಗೆದು ನೋಡಿದರೆ ತಂತಿಯೇ ಇರುವುದಿಲ್ಲ. ಮೊದಲು ಬಣ್ಣವಿಲ್ಲದ ಎನಾಮಲ್ಲನ್ನು ತಗಡಿನ ತುಂಬ ಒಂದು ಪದರ ಸುಟ್ಟು, ಆಮೇಲೆ ಅದರ ಮೇಲೆ ತಂತಿ ಕೂರಿಸಿ.

• ತಗಡಿನ ಹಿಂಬದಿಗೂ ಎನಾಮಲ್ ಹಾಕಿ. ‘ಹಿಂದೆ ಯಾರು ನೋಡುತ್ತಾರೆ’ ಅನ್ನಬೇಡಿ. ತಣ್ಣಗಾಗುವಾಗ ಲೋಹ ಕುಗ್ಗುವಷ್ಟು ಗಾಜು ಕುಗ್ಗುವುದಿಲ್ಲ. ಒಂದೇ ಬದಿಗೆ ಗಾಜಿದ್ದರೆ ತಗಡು ಸೊಟ್ಟಗಾಗುತ್ತದೆ, ಅಥವಾ ಮುಂದಿನ ಕೆಲಸ ಬಿರುಕು ಬಿಡುತ್ತದೆ.

• ಗಾಜಿನ ಪುಡಿಯನ್ನು ಅಕ್ಕಿ ತೊಳೆದ ಹಾಗೆ ತೊಳೆಯಿರಿ. ನೀರು ಹಾಕಿ, ಕಲಕಿ, ಪುಡಿ ತಳಕ್ಕಿಳಿದ ಮೇಲೆ ಮೇಲಿನ ಬೆಳ್ಳನೆ ನೀರು ಬಸಿಯಿರಿ. ನೀರು ತಿಳಿಯಾಗುವವರೆಗೂ ಬಿಡಬೇಡಿ, ಕೊನೆಯದು ಡಿಸ್ಟಿಲ್ಡ್ ವಾಟರ್ ಆಗಿರಲಿ. ಆ ನುಣ್ಣನೆ ದೂಳು ಉಳಿದರೆ ಪಾರದರ್ಶಕ ಬಣ್ಣ ಮಬ್ಬಾಗುತ್ತದೆ. ನೀವು ಸೋಮಾರಿಗಳಾಗುವುದು ಇಲ್ಲೇ, ನನಗೆ ಗೊತ್ತು. ಹಸಿರಿನಲ್ಲಿ ಬೆಳಕಿಲ್ಲ ಅಂತ ಆಮೇಲೆ ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಈ ನೀರಿನಲ್ಲಿ ಅವಸರ ಮಾಡಿದವರೇ.

• ಬಸಿದ ನೀರನ್ನು ಸಿಂಕಿಗೆ ಸುರಿಯಬೇಡಿ. ಒಂದು ಹಳೆ ಬಾಟಲಿಯಲ್ಲಿ ತುಂಬಿಡಿ. ತಳದಲ್ಲಿ ನಿಂತ ಬಣ್ಣ ಬಣ್ಣದ ಗಸಿ ಒಣಗಿಸಿದರೆ ಹಿಂಬದಿಗೆ ಬಳಿಯಲು ಅದೇ ಆಗುತ್ತದೆ. ಹಿಂಬದಿಗೆಂದೇ ಹೊಸ ಪುಡಿ ಕೊಳ್ಳುವುದು ದಂಡ. ಪೈಪು ಕಟ್ಟಿಕೊಳ್ಳುವುದೂ ತಪ್ಪುತ್ತದೆ.

• ಅಡುಗೆಮನೆಯ ಕುಟ್ಟಾಣಿ, ಚಮಚ, ಬಟ್ಟಲು ಯಾವುದನ್ನೂ ಈ ಕೆಲಸಕ್ಕೆ ಮುಟ್ಟಬೇಡಿ. ಹಳೆ ಎನಾಮಲ್ ಪುಡಿಗಳಲ್ಲಿ ಸೀಸ ಇರುತ್ತದೆ. ಸೀಸವಿಲ್ಲದ್ದನ್ನೇ ಕೇಳಿ ತನ್ನಿ. ಅರೆಯುವಾಗ ನೀರು ಹಾಕಿ ಅರೆಯಿರಿ, ಒಣ ಪುಡಿ ಜರಡಿ ಹಿಡಿಯುವಾಗ ಮಾಸ್ಕ್ ಕಟ್ಟಿಕೊಳ್ಳಿ. ಡಾಕ್ಟರಾಗುವವರಿಗೆ ಗಾಜಿನ ದೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ನಾನು ಹೇಳಬೇಕಿಲ್ಲ.

• ತಂತಿ ಬಾಗಿಸುವಾಗ ಚಿಮಟದ ತುದಿ ನುಣುಪಾಗಿದೆಯೇ ನೋಡಿಕೊಳ್ಳಿ. ತಂತಿಯ ಮೈ ಗೀರಿದರೆ ಪಾರದರ್ಶಕ ಬಣ್ಣದೊಳಗೆ ಆ ಗೀರು ಕೊನೆಯವರೆಗೂ ಕಾಣುತ್ತಿರುತ್ತದೆ. ಉದ್ದ ನೇರ ತುಂಡು ನಿಲ್ಲುವುದಿಲ್ಲ, ಬೀಳುತ್ತದೆ. ಎಲ್ಲಾದರೂ ಒಂದು ಸಣ್ಣ ಬಾಗು ಕೊಡಿ.

• ತಂತಿ ಅಂಟಿಸಲು ದುಬಾರಿ ಅಂಟು ಬೇಡ. ಚಳಿಗಾಲಕ್ಕೆ ಮೊದಲು ಇಲ್ಲಿನ ಮಾರುಕಟ್ಟೆ ತುಂಬ ಕೋಮ್ಶಿ ಹಣ್ಣು, ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಬಿಹಿದಾನ ಅಂತ ಸಿಗುತ್ತದಲ್ಲ, ಅದು ಈ ಹಣ್ಣಿನ ಬೀಜವೇ. ಹಣ್ಣು ತಿಂದು ಬೀಜ ಒಣಗಿಸಿಡಿ. ನಾಲ್ಕು ಬೀಜ ನೀರಿನಲ್ಲಿ ನೆನೆಹಾಕಿದರೆ ಲೋಳೆ ಬಿಡುತ್ತದೆ, ಸೋಸಿ ಕುಂಚದ ತುದಿಯಲ್ಲಿ ಹಚ್ಚಿ. ಜಾಸ್ತಿ ಹಚ್ಚಬೇಡಿ, ಅಂಟು ಸುಡುವಾಗ ಹೊಗೆಯಾಗಿ ಗಾಜಿನಲ್ಲಿ ಗುಳ್ಳೆ ಬಿಡುತ್ತದೆ. ಲೋಳೆ ಬೇಗ ಹಳಸುತ್ತದೆ, ದಿನದ್ದು ದಿನಕ್ಕೆ ಮಾಡಿಕೊಳ್ಳಿ.

• ಬಣ್ಣ ತೆಳ್ಳಗೆ ಹಾಕಿ. ಇನ್ನೂ ತೆಳ್ಳಗೆ. ಮನೆಯ ಎತ್ತರಕ್ಕೆ ಒಂದೇ ಸಲ ತುಂಬಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಬಿರುಕೂ ಬಿಡುತ್ತದೆ. ಮೂರು ನಾಲ್ಕು ಸಲ ಸುಡಬೇಕಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಬಣ್ಣಕ್ಕೆ ಆಳ ಬರುವುದೇ ಹಾಗೆ. ಹಸಿ ಬಣ್ಣ ಹಾಕಿದ ಮೇಲೆ ಬಟ್ಟೆಯ ಅಂಚಿನಿಂದ ನೀರು ಹೀರಿಸಿ, ಕುಲುಮೆಯ ಮೇಲೆ ಪೂರ್ತಿ ಒಣಗಿಸಿ, ಆಮೇಲೆ ಒಳಗಿಡಿ. ತೇವ ಉಳಿದರೆ ಬಣ್ಣ ಸಿಡಿದು ಪಕ್ಕದ ಮನೆಗೆ ಹಾರುತ್ತದೆ, ಬಿಳಿಯ ನಡುವೆ ನೀಲಿ ಚುಕ್ಕೆ ಕೂರುತ್ತದೆ.

• ಕುಲುಮೆಯಲ್ಲಿಟ್ಟ ಮೇಲೆ ಫೋನು ಎತ್ತಬೇಡಿ. 800 ಡಿಗ್ರಿಯಲ್ಲಿ ಕಿವಿಯೋಲೆಯಷ್ಟು ತುಂಡಿಗೆ ಒಂದೆರಡು ನಿಮಿಷ ಸಾಕು. ಮೊದಲು ಪುಡಿ ಕಪ್ಪಾಗುತ್ತದೆ, ಆಮೇಲೆ ಒರಟಾಗಿ ಅಂಟಿಕೊಳ್ಳುತ್ತದೆ, ಕೊನೆಗೆ ಮೈ ಸಮವಾಗಿ ಹೊಳೆಯುತ್ತದೆ. ಹೊಳೆದ ಕೂಡಲೇ ತೆಗೆಯಿರಿ. ಕೆಂಪು ಬಣ್ಣವಂತೂ ತಡವಾದರೆ ಕಪ್ಪಿಡುತ್ತದೆ. ಕೆಂಪಿದ್ದ ಕೆಲಸದಲ್ಲಿ ಅದನ್ನು ಕೊನೆಯ ಸುಡುವಿಕೆಗೇ ಇಟ್ಟುಕೊಳ್ಳಿ.

• ಹೊಸದಾಗಿ ಕಲಿಯುವವರು ಕುಲುಮೆ ಕೊಳ್ಳಬೇಡಿ. ಕೆಲಸ ಕಲಿಸುವ ಕಡೆ ಕೇಳಿ ನೋಡಿ, ಸಣ್ಣ ದುಡ್ಡಿಗೆ ನಿಮ್ಮದನ್ನೂ ಸುಟ್ಟುಕೊಡುವವರು ಸಿಗುತ್ತಾರೆ. ಈ ಕೆಲಸದ ಹುಚ್ಚು ನಿಮ್ಮನ್ನು ಎಷ್ಟು ಕಾಲ ಹಿಡಿದಿಡುತ್ತದೆ ಅಂತ ನೋಡಿಕೊಂಡು ಆಮೇಲೆ ಯೋಚಿಸಿ.

• ಉಂಗುರದ ಕೊಂಡಿ, ಓಲೆಯ ಕಡ್ಡಿ ಇವನ್ನೆಲ್ಲ ಬಣ್ಣ ಹಾಕಿದ ಮೇಲೆ ಬೆಸೆಯಲು ಹೋಗಬೇಡಿ. ಬೆಂಕಿ ಒಂದೇ ಕಡೆ ತಾಗಿದರೆ ಗಾಜು ಸೀಳುತ್ತದೆ. ಬೆಳ್ಳಿಯ ಚೌಕಟ್ಟು ಬೇರೆಯಾಗಿ ಮಾಡಿ, ಕೊಂಡಿಯನ್ನು ಅದಕ್ಕೆ ಬೆಸೆದು, ಎನಾಮಲ್ ತುಂಡನ್ನು ಕಲ್ಲು ಕೂರಿಸುವ ರೀತಿಯಲ್ಲೇ ಕೂರಿಸಿ.

• ತಂತಿಯ ಚೂರುಗಳನ್ನು ಕಸಕ್ಕೆ ಗುಡಿಸಬೇಡಿ ಕಣ್ರಮ್ಮಾ, ಅದು ಬೆಳ್ಳಿ! ಒಂದೇ ಉದ್ದಕ್ಕೆ ಕತ್ತರಿಸಿ, ಇದ್ದಿಲಿನ ಮೇಲೆ ಬಿಡಿಬಿಡಿಯಾಗಿಟ್ಟು ಬೆಂಕಿ ಊದಿ. ಒಂದೊಂದೂ ತಾನಾಗಿ ದುಂಡಾಗುತ್ತದೆ. ವಾನಿಯ ಆಮೆಗಳ ಬೆನ್ನಿನಲ್ಲಿ ನೋಡಿದ್ದು ಅಂಥ ಗುಂಡುಗಳನ್ನೇ. ಗಾತ್ರದ ಪ್ರಕಾರ ಮಾತ್ರೆಯ ಖಾಲಿ ಡಬ್ಬಿಗಳಲ್ಲಿ ಹಾಕಿಡಿ. ಕಾಕಸಸ್ ಬೆಟ್ಟದ ಹೊಳೆಗಳಲ್ಲಿ ಇಲ್ಲಿನ ಜನ ಉಣ್ಣೆಯ ತೊಗಲು ಹಾಸಿ ನೀರಲ್ಲಿ ಬರುವ ಚಿನ್ನದ ಕಣ ಹಿಡಿಯುತ್ತಿದ್ದರೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದಾನೆ. ಗ್ರೀಕ್ ಪುರಾಣದ ಜೇಸನ್ ಹುಡುಕಿಬಂದ ಚಿನ್ನದ ಉಣ್ಣೆಯ ಕಥೆಯ ಹಿಂದೆ ಇದೇ ಇದೆ ಅನ್ನುವವರಿದ್ದಾರೆ. ಅಂಥ ನಾಡಿನ ಕೆಲಸ ಕಲಿಯುತ್ತ ಮೇಜಿನ ಮೇಲೆ ಒಂದು ಚರ್ಮದ ತುಂಡು ಹಾಸಿಕೊಂಡು ಚೂರು ಕೂಡಿಸುವುದು ನಿಮಗೆ ಭಾರವಾಗಬಾರದು.

• ಟಿಬಿಲಿಸಿಯ ಒಣ ಸೇತುವೆಯ ಸಂತೆಗೆ ಹೋದಾಗ ಹಳೆ ಬೆಳ್ಳಿ ಡಾಬು ಕಂಡರೆ, ಬಿಡಿಸಿ ಓಲೆ ಮಾಡಿಕೊಳ್ಳಬಹುದು ಅಂತ ಕೊಳ್ಳಬೇಡಿ. ಹಾಗೆ ಬಿಡಿಸಿದ ಡಾಬು ಮತ್ತೆ ಕೂಡುವುದಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಡಾಬಿನ ಮೇಲಿನ ಬಳ್ಳಿಯ ಗೆರೆ ನೋಡಿ, ಬರೆದುಕೊಳ್ಳಿ, ನಿಮ್ಮ ಬೆಳ್ಳಿಯಲ್ಲಿ ಮಾಡಿ. ಈಗಾಗಲೇ ಒಂದನ್ನು ಕೊಂಡಿದ್ದರೆ ಅದರ ಮೇಲಿನ ಕಪ್ಪನ್ನು ಕೊಳೆ ಅಂತ ಉಜ್ಜಬೇಡಿ. ಬೆಳ್ಳಿ, ತಾಮ್ರ, ಸೀಸಕ್ಕೆ ಗಂಧಕ ಸೇರಿಸಿ ಕೆತ್ತನೆಯಲ್ಲಿ ತುಂಬಿದ ಕಪ್ಪು ಅದು, ಅದೇ ಅದರ ಅಂದ. ಸೀಸವಿರುವುದರಿಂದ ಅದನ್ನು ನಿಮ್ಮ ಕುಲುಮೆಯ ಹತ್ತಿರವೂ ತರಬೇಡಿ.

• ಮಾರುವ ಹಂತಕ್ಕೆ ಬಂದರೆ ‘ಜಾರ್ಜಿಯಾದ ಮಾದರಿ ನೋಡಿ ನಾನು ಮಾಡಿದ್ದು’ ಅಂತಲೇ ಹೇಳಿ. ಹಳೆಯದು ಅನ್ನಬೇಡಿ, ಇಲ್ಲಿಯವರು ಮಾಡಿದ್ದು ಅಂತಲೂ ಅನ್ನಬೇಡಿ. ಈ ಕೆಲಸದಿಂದಲೇ ಮನೆ ನಡೆಸುವ ಹೆಂಗಸರು ಇದೇ ಊರಲ್ಲಿದ್ದಾರೆ.

• ಊರಿಗೆ ಉಡುಗೊರೆ ಕೊಡುವಾಗ ಜೊತೆಗೆ ಒಂದು ಚೀಟಿ ಬರೆದಿಡಿ. ನಮ್ಮ ಅಮ್ಮಂದಿರು ಬೆಳ್ಳಿ ಕಂಡರೆ ಹುಣಸೆಹಣ್ಣು, ಹಲ್ಲುಪುಡಿ ಹಿಡಿದುಕೊಂಡು ಬರುತ್ತಾರೆ. ಹುಳಿಗೆ ಎನಾಮಲ್ಲಿನ ಹೊಳಪು ಹೋಗಬಹುದು, ಪುಡಿಗೆ ಮೈ ಗೀರಬಹುದು. ಮೆತ್ತನೆ ಬಟ್ಟೆ, ಸ್ವಲ್ಪ ಸೋಪಿನ ನೀರು ಇಷ್ಟೇ ಸಾಕು. ಪಾತ್ರೆ ತೊಳೆಯುವಾಗ ಉಂಗುರ ಬಿಚ್ಚಿಡಿ ಅಂತಲೂ ಬರೆಯಿರಿ. ಎಷ್ಟಾದರೂ ಅದು ಗಾಜು, ಸ್ಟೀಲ್ ಪಾತ್ರೆಗೆ ತಾಗಿದರೆ ಚಕ್ಕೆ ಏಳುತ್ತದೆ.

• ಚಕ್ಕೆ ಎದ್ದರೆ ಅಳಬೇಡಿ, ಅಂಗಡಿಯ ಅಂಟನ್ನೂ ನೇಲ್ ಪಾಲಿಶನ್ನೂ ಹಚ್ಚಬೇಡಿ. ಹಚ್ಚಿದರೆ ಮತ್ತೆ ಸುಡುವ ಮೊದಲು ಅದನ್ನೆಲ್ಲ ಕೆರೆದು ತೆಗೆಯುವುದೇ ಒಂದು ದಿನದ ಕೆಲಸ. ಚೌಕಟ್ಟಿನಿಂದ ಬಿಡಿಸಿ, ತೊಳೆದು, ಅದೇ ಬಣ್ಣ ತುಂಬಿ ಇನ್ನೊಮ್ಮೆ ಸುಟ್ಟರೆ ಬಹಳ ಸಲ ಸರಿಹೋಗುತ್ತದೆ. ಅದಕ್ಕೇ ಪ್ರತಿ ಬಣ್ಣದ ಪುಡಿ ಒಂದು ಚಿಟಿಕೆಯಷ್ಟು ಹೆಸರು ಬರೆದು ಎತ್ತಿಡಿ ಅನ್ನುವುದು. ನಿಮ್ಮ ಕೈಯಲ್ಲಿ ಆಗದಿದ್ದರೆ ಹತ್ತಿಯಲ್ಲಿ ಸುತ್ತಿ, ಉದುರಿದ ಚಕ್ಕೆಯನ್ನೂ ಸೇರಿಸಿ ತನ್ನಿ, ನೋಡೋಣ.