ಚಕ್ಕಡಿಯ ಜಾಲಿ ಹಲಗೆ ರೌಟರ್ ಟೇಬಲ್ಲಿಗೆ ಆದೀತೆ?

ಪ್ರಶ್ನೆ: ಮನೆಯ ಶೆಡ್ಡಿನಲ್ಲಿ ನಾನೇ ಒಂದು ರೌಟರ್ ಟೇಬಲ್ ಮಾಡಿಕೊಳ್ಳಬೇಕೆಂದಿದ್ದೇನೆ. ಅಜ್ಜನ ಕಾಲದ ಚಕ್ಕಡಿ ಬಿಚ್ಚಿದಾಗ ಉಳಿದ ದಪ್ಪ ಜಾಲಿ ಹಲಗೆಗಳಿವೆ. ಮೇಲ್ಹಲಗೆಗೆ ಅವನ್ನೇ ಹಾಕಲೇ, ಪ್ಲೈವುಡ್ ತರಲೇ, ಎಂಡಿಎಫ್ ಸಾಕೇ?
— ಓದುಗರೊಬ್ಬರು, ಕಾಗವಾಡ ತಾಲೂಕು

ಉತ್ತರ: ಹಲಗೆಗಳನ್ನು ಮಾರಬೇಡಿ, ಒಲೆಗೂ ಹಾಕಬೇಡಿ. ಅವು ಟೇಬಲ್ಲಿಗೆ ಬೇಕು, ಆದರೆ ಮೇಲಕ್ಕಲ್ಲ, ಕಾಲಿಗೆ.

ನಮ್ಮ ಭಾಗದಲ್ಲಿ ಜಾಲಿ ಮರದ ಯಾವುದೂ ವ್ಯರ್ಥವಾದದ್ದಿಲ್ಲ. ತೊಗಟೆ ಅಥಣಿ, ನಿಪ್ಪಾಣಿಯ ಚಪ್ಪಲಿಯ ಚರ್ಮ ಹದ ಮಾಡಲು ಹೋಯಿತು. ಕಟ್ಟಿಗೆ ಗಾಲಿ, ನೇಗಿಲು, ಕುಂಟೆಗಳಾಯಿತು. ಸಾಗವಾನಿಗಿಂತ ಗಟ್ಟಿ, ಪೆಟ್ಟಿಗೆ ಬಗ್ಗದು. ಆದರೆ ರೌಟರ್ ಟೇಬಲ್ಲಿನ ಮೇಲ್ಹಲಗೆಗೆ ಗಟ್ಟಿತನಕ್ಕಿಂತ ಮೊದಲು ಬೇಕಾದದ್ದು ಸಮತಟ್ಟು. ಮಷಿನ್ ಕೆಳಗೆ ತಲೆಕೆಳಗಾಗಿ ತೂಗುತ್ತದೆ, ಕೊರೆಯುವ ಬಿಟ್ಟು ಮಾತ್ರ ಮೇಲೆ ಇಣುಕುತ್ತದೆ, ನಾವು ಕಟ್ಟಿಗೆಯನ್ನು ಅದರ ಮೇಲೆ ಸರಿಸುತ್ತೇವೆ. ಹಲಗೆ ಒಂದು ಮಿಲಿಮೀಟರ್ ತಗ್ಗಿದರೆ ಕೊರೆದ ತೋಡಿನ ಆಳವೂ ಅಷ್ಟೇ ತಪ್ಪುತ್ತದೆ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಎರಡಡಿ ಅಗಲದಲ್ಲಿ ಈ ಓಡಾಟ ಮೂರು–ನಾಲ್ಕು ಮಿಲಿಮೀಟರ್ ಆಗುವುದು ಸಹಜ. ಜೊತೆಗೆ ಹಲಗೆ ಸೊಟ್ಟಗೂ ಆಗಬಹುದು. ಚಕ್ಕಡಿ ಇದನ್ನು ಸಹಿಸಿತು, ರೌಟರ್ ಸಹಿಸದು.

ಎಂಡಿಎಫ್ ಬಲು ಸಮತಟ್ಟು, ಅಗ್ಗ. ಒಣ ಊರಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಮ್ಮದು ನದಿಗಳ ಸೀಮೆ: ನಿಪ್ಪಾಣಿ ಕಡೆ ವೇದಗಂಗಾ, ಚಿಕ್ಕೋಡಿ ಕಡೆ ದೂಧಗಂಗಾ, ರಾಯಬಾಗ, ಅಥಣಿ, ಕಾಗವಾಡದಲ್ಲಿ ಕೃಷ್ಣೆ. 2019ರ ಆಗಸ್ಟಿನ ಮಹಾಪೂರ ನೀವು ಮರೆತಿರಲಾರಿರಿ. ಸಾದಾ ಎಂಡಿಎಫ್ ಒಮ್ಮೆ ನೀರು ಕುಡಿದು ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನ ದಪ್ಪಕ್ಕೆ ಬಾರದು. ನೆರೆ ಬೇಡ, ಸೋರುವ ಪತ್ರಾಸಿನ ನಾಲ್ಕು ಹನಿ ಸಾಕು.

ಹಾಗಾಗಿ 18 ಮಿಮೀ ಮರೀನ್ ಪ್ಲೈವುಡ್ ತನ್ನಿ. ಶೀಟಿನ ಮೇಲೆ ಐಎಸ್ 710 ಎಂಬ ಮುದ್ರೆ ಇರಲಿ. ಅಂಗಡಿಯಲ್ಲಿ ಶೀಟನ್ನು ನೆಟ್ಟಗೆ ನಿಲ್ಲಿಸಿ ಅಂಚಿನ ಗುಂಟ ಒಂದು ಕಣ್ಣು ಮುಚ್ಚಿ ನೋಡಿ, ಬಿಲ್ಲಿನಂತೆ ಬಾಗಿದ್ದರೆ ಬಿಡಿ. ಪದರುಗಳ ನಡುವೆ ಕಂಡಿ ಇದೆಯೇ ನೋಡಿ. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿಯಿರಿ. ಟಣ್ಣನೆಯ ದನಿ ಒಂದೆಡೆ ಬೊಳ್ಳಾದರೆ ಒಳಗೆ ಪೊಳ್ಳಿದೆ. ಎಂಟಡಿ–ನಾಲ್ಕಡಿಯ ಒಂದೇ ಶೀಟಿನಲ್ಲಿ 32 ಇಂಚು ಉದ್ದ, 24 ಇಂಚು ಅಗಲದ ಎರಡು ತುಂಡು ಬಂದು, ಫೆನ್ಸಿಗೂ (ಕಟ್ಟಿಗೆಯನ್ನು ಆನಿಸಿ ಸರಿಸುವ ಪಟ್ಟಿ) ಕೆಳಗಿನ ಪೆಟ್ಟಿಗೆಗೂ ಉಳಿಯುತ್ತದೆ. ಎರಡು ತುಂಡನ್ನು ನೀರು ತಡೆಯುವ ಅಂಟಿನಿಂದ ಜೋಡಿಸಿ, ಸಮವಾದ ನೆಲದ ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಆಮೇಲೆ 1 ಮಿಮೀ ಸನ್‌ಮೈಕಾವನ್ನು ಮೇಲೂ ಕೆಳಗೂ ಅಂಟಿಸಿ. ಕೆಳಗಡೆ ಯಾರು ನೋಡುತ್ತಾರೆಂದು ಬಿಟ್ಟರೆ ಆ ಬದಿಯಷ್ಟೇ ಹಸಿ ಹೀರಿ ಹಲಗೆ ಬಾಗುತ್ತದೆ. ಅಂಚಿಗೂ ಬಣ್ಣ ಹಚ್ಚಿ.

ಮಷಿನ್ ಕೂರಿಸುವ ನಡುವಿನ ಪ್ಲೇಟಿಗೆ 6 ಮಿಮೀ ಅಲ್ಯೂಮಿನಿಯಂ ಒಳ್ಳೆಯದು. ದಪ್ಪ ಬೇಕಲೈಟ್ ಶೀಟೂ ನಡೆದೀತು. ಅಕ್ರಿಲಿಕ್ ಬೇಡ. ಅರ್ಧ ಇಂಚಿನ ರೌಟರ್ ನಾಲ್ಕೈದು ಕಿಲೋ ತೂಗುತ್ತದೆ, ತಿಂಗಳುಗಟ್ಟಲೆ ತೂಗಿದರೆ ಅಕ್ರಿಲಿಕ್ ನಡು ತಗ್ಗುತ್ತದೆ. ಪ್ಲೇಟಿನ ಮೂಲೆಗಳ ಕೆಳಗೆ ಸಣ್ಣ ಸ್ಕ್ರೂ ಕೊಟ್ಟು, ಉಕ್ಕಿನ ಪಟ್ಟಿ ಅಡ್ಡ ಇಟ್ಟು, ಎಲ್ಲೂ ಬೆಳಕು ನುಸುಳದಂತೆ ಮಟ್ಟ ಮಾಡಿ. ಉಗುರು ಎಳೆದರೆ ತಡೆಯಬಾರದು.

ಸ್ವಿಚ್ಚಿಗೆ ಜಿಪುಣತನ ಮಾಡಬೇಡಿ. ನಮ್ಮಲ್ಲಿ ಕರೆಂಟು ಹೋಗಿ ಬರುತ್ತಿರುತ್ತದೆ. ಮತ್ತೆ ಬಂದಾಗ ಬಿಟ್ಟು ತಾನೇ ತಿರುಗಿದರೆ ಬೆರಳು ಉಳಿಯದು. ಕರೆಂಟು ಹೋದೊಡನೆ ಆಫ್ ಆಗಿ, ನೀವು ಒತ್ತುವವರೆಗೆ ಶುರುವಾಗದಂಥ ಸ್ವಿಚ್ಚನ್ನೇ ಕೇಳಿ ತನ್ನಿ. ಕಟ್ಟಿಗೆಯನ್ನು ಯಾವಾಗಲೂ ಬಲದಿಂದ ಎಡಕ್ಕೆ ಸರಿಸಿ. ಬಿಟ್ಟಿಗೂ ಫೆನ್ಸಿಗೂ ನಡುವೆ ಎಂದೂ ತೂರಿಸಬೇಡಿ.

ಇನ್ನು ಅಜ್ಜನ ಜಾಲಿ. ನಾಲ್ಕು ಕಾಲು, ಅಡ್ಡಪಟ್ಟಿ ಅದರಲ್ಲೇ ಮಾಡಿ. ಹಳೆಯ ಮೊಳೆ ಎಲ್ಲ ಕಿತ್ತ ಮೇಲೆಯೇ ಗರಗಸಕ್ಕೆ ಕೊಡಿ. ಅದರ ತೂಕವೇ ಮಷಿನ್ನಿನ ನಡುಕ ನುಂಗುತ್ತದೆ. ಮೇಲ್ಹಲಗೆಯನ್ನು ಮಾತ್ರ ಅಂಟಿಸದೆ ಸ್ಕ್ರೂ ಹಾಕಿ ಕೂರಿಸಿ. ಹತ್ತಾರು ವರ್ಷಕ್ಕೆ ಪ್ಲೈವುಡ್ ಸವೆದಾಗ ಅದನ್ನಷ್ಟೇ ಬಿಚ್ಚಿ ಹೊಸದು ಹಾಕಿದರಾಯಿತು. ಚಕ್ಕಡಿಯ ಕಟ್ಟಿಗೆ ಅಲ್ಲೇ ನಿಂತಿರುತ್ತದೆ.