ಬಿಚ್ಚದ ಗಂಟು

ಮಧುರೆಯಿಂದ ತಾಲ್ಲೂಕು ಕೇಂದ್ರವಾದ ದೊಡ್ಡಬಳ್ಳಾಪುರಕ್ಕೆ ಹೋಗಿಬರುವವರಿಗೆ ಮಗ್ಗಗಳ ಸದ್ದು ಹೊಸತಲ್ಲ. ಅಲ್ಲಿ ನೂಲನ್ನು ಹುರಿಗೊಳಿಸಿ, ಹಾಸು ಹೊಕ್ಕುಗಳಲ್ಲಿ ಹೆಣೆಯುತ್ತಾರೆ. ಒಂಟಿ ಎಳೆಗಿಲ್ಲದ ಬಲವು ಹುರಿಗೆ ಬರುತ್ತದೆ. ನಮ್ಮ ಶರೀರದೊಳಗೂ ಇಂತಹುದೊಂದು ನೇಯ್ಗೆಯುಂಟು. ಅದರ ನೂಲು ಕೊಲಾಜೆನ್ ಎಂಬ ಪ್ರೋಟೀನು.

ಈ ನೂಲಿನ ಹುರಿಯನ್ನು ಕಂಡವರು ಜಿ. ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಅವರು, ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ದುಡಿದು, ಕೊಲಾಜೆನ್ ಮೂರು ಸರಪಳಿಗಳ ಹುರಿಯೆಂದು 1954–55ರಲ್ಲಿ ತೋರಿಸಿದರು. ಸರಪಳಿಯ ಪ್ರತಿ ಮೂರನೆಯ ಕೊಂಡಿಯೂ ಗ್ಲೈಸಿನ್ ಎಂಬ ಅಮೈನೋ ಆಮ್ಲ. ಹುರಿಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಅದೊಂದೇ. ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಕೊಲಾಜೆನ್ನಿನಲ್ಲಿ ಹಲವು ಬಗೆಗಳಿವೆ. ನಾಲ್ಕನೆಯ ಬಗೆಯದು ಜೀವಕೋಶಗಳ ಪದರಗಳಿಗೆ ಹಾಸುಗೆಯಂತಿರುವ ತಳಪೊರೆಯಲ್ಲಿದೆ. ಇದು ಬಟ್ಟೆಯಂತಲ್ಲ, ಬೆಸ್ತರ ಬಲೆಯಂತೆ. ಬಟ್ಟೆಯನ್ನು ಹೆಣಿಗೆ ಹಿಡಿದಿಡುತ್ತದೆ. ಬಲೆಯನ್ನು ಹಿಡಿದಿಡುವುದು ಗಂಟು. ಹುರಿಗಳು ಒಂದು ತುದಿಯಲ್ಲಿ ನಾಲ್ಕುನಾಲ್ಕಾಗಿ, ಇನ್ನೊಂದು ತುದಿಯಲ್ಲಿ ಎರಡೆರಡಾಗಿ ಕೂಡುತ್ತವೆ. ವಯಸ್ಕರ ಮೂತ್ರಪಿಂಡಗಳಲ್ಲಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವು ಇಂತಹ ಪೊರೆಯ ಮೂಲಕ, ರಕ್ತದ ಒತ್ತಡಕ್ಕೆ ಸಿಕ್ಕಿ, ಸೋಸಿ ಬರುತ್ತದೆ. ಗಂಟು ಸಡಿಲವಾದರೆ ಗತಿಯೇನು?

ಈ ಗಂಟುಗಳನ್ನು ವಿಜ್ಞಾನಿಗಳು ಅಡ್ಡಬಂಧಗಳೆನ್ನುತ್ತಾರೆ. ನಾಲ್ಕು ಹುರಿಗಳು ಕೂಡುವೆಡೆಯಲ್ಲಿ ತಾಮ್ರವನ್ನೊಳಗೊಂಡ ಕಿಣ್ವವೊಂದು ಆಮ್ಲಜನಕದ ನೆರವಿನಿಂದ ಬಂಧ ಹಾಕುತ್ತದೆ. ಎರಡು ಹುರಿಗಳು ಕೂಡುವೆಡೆಯ ಗುಟ್ಟು ಮಾತ್ರ ಬಹುಕಾಲ ಬಯಲಾಗಲಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2009ರಲ್ಲಿ ಅಲ್ಲಿ ಗಂಧಕಕ್ಕೂ ಸಾರಜನಕಕ್ಕೂ ನಡುವೆ ಸಲ್ಫಿಲಿಮೈನ್ ಎಂಬ ಬಂಧವನ್ನು ಕಂಡರು. ಜೀವಿಗಳ ಅಣುಗಳಲ್ಲಿ ಅಂತಹ ಬಂಧವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ!

ಅದನ್ನು ಹಾಕುವ ಕಿಣ್ವ ಪೆರಾಕ್ಸಿಡಾಸಿನ್ ಎಂದು 2012ರಲ್ಲಿ ತಿಳಿಯಿತು. ಗಾಯ ತೊಳೆಯಲು ಬಳಸುತ್ತಿದ್ದ ಹೈಡ್ರೋಜನ್ ಪೆರಾಕ್ಸೈಡನ್ನೇ ಈ ಕಿಣ್ವವು ಬಳಸಿ, ದೇಹದ ಲವಣಗಳಲ್ಲಿನ ಬ್ರೋಮೈಡಿನಿಂದ ಹೈಪೋಬ್ರೋಮಸ್ ಆಮ್ಲವನ್ನು ತಯಾರಿಸುತ್ತದೆ. ಅದು ಚೆಲುವೆಪುಡಿಯಿಂದ ಹೊರಡುವ ಆಮ್ಲದ ಸೋದರ, ಪ್ರಬಲ ಉತ್ಕರ್ಷಣಕಾರಿ. ಸಿಕ್ಕಿದ್ದನ್ನೆಲ್ಲ ಕೆಡಿಸುವ ಇಂತಹ ವಸ್ತುವನ್ನು ದೇಹವು ಕಟ್ಟುವ ಕೆಲಸಕ್ಕೆ ಹಚ್ಚಿರುವುದು ಸೋಜಿಗವೇ ಸರಿ. ಒಂದು ಹುರಿಯ ಗಂಧಕದ ಮೇಲೆ ಈ ಆಮ್ಲ ವರ್ತಿಸಿದೊಡನೆ, ಎದುರಿನ ಹುರಿಯ ಸಾರಜನಕವು ಅದನ್ನು ಹಿಡಿದುಕೊಳ್ಳುತ್ತದೆ.

ಬ್ರೋಮಿನ್ ಪ್ರಾಣಿಗಳಿಗೆ ಅನಗತ್ಯವೆಂಬ ಭಾವನೆಯಿತ್ತು. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬ್ರೋಮಿನ್ನಿಲ್ಲದ ಆಹಾರ ತಿಂದ ಹಣ್ಣುನೊಣಗಳ ಸಂತಾನವು ಬೆಳೆಯದೆ ಸತ್ತಿತು. ಬ್ರೋಮಿನ್ ಕೊಟ್ಟಾಗ ಬದುಕಿತು.

ಆದರೆ ಗಂಟು ಹೆಚ್ಚಿದಷ್ಟೂ ಲೇಸೆಂದು ತಿಳಿಯಬಾರದು. ಮಧುಮೇಹದಲ್ಲಿ ರಕ್ತದ ಹೆಚ್ಚುವರಿ ಸಕ್ಕರೆಯು ಕಿಣ್ವದ ಹಂಗಿಲ್ಲದೆ ಕೊಲಾಜೆನ್ನಿಗೆ ಅಂಟಿ, ವರ್ಷಗಳು ಕಳೆದಂತೆ ಕಂಡಕಂಡಲ್ಲಿ ಬಂಧಗಳನ್ನು ಹಾಕುತ್ತದೆ. ಆಗ ಮೂತ್ರಪಿಂಡದ ತಳಪೊರೆಯು ದಪ್ಪವಾಗುತ್ತದೆ, ಬಿರುಸಾಗುತ್ತದೆ. ರಕ್ತದಲ್ಲೇ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಕಾಣತೊಡಗುತ್ತದೆ.